ನನ್ನ ತಮ್ಮ ಶಾಲೆಗೆ ಹೊಂದಿಕೊಂಡ ಬಗೆ



ಈ ಸಲದ ಗೋಡೆ ಪತ್ರಿಕೆಗೆ ಮಳೆಗಾಲ, ಸ್ವಚ್ಛತೆ, ರಾಷ್ಟ್ರನಾಯಕರು ಇವೆಲ್ಲ ವಿಷಯಗಳು ಆಗಲೇ ಬೇರೆಯವರ ಪಾಲಾಗಿವೆ. ಅದಕ್ಕೆ ನಾನು ದಿನಾ ಕಣ್ಣ ಮುಂದೆ ನಡೆಯುವ, ಆದರೆ ಯಾರೂ ಬರೆಯದ ಒಂದು ವಿಷಯ ಆರಿಸಿಕೊಂಡೆ. ಚಿಕ್ಕ ಮಕ್ಕಳು ಒಂದನೇ ತರಗತಿಗೆ ಬಂದಾಗ ಏನಾಗುತ್ತದೆ, ಅವರು ಹೊಂದಿಕೊಳ್ಳಬೇಕಾದರೆ ಮನೆಯವರು ಏನು ಮಾಡಬೇಕು, ಶಾಲೆಯವರು ಏನು ಮಾಡಬೇಕು ಎಂಬುದೇ ಆ ವಿಷಯ. ದೊಡ್ಡವರಿಗೆ ಬುದ್ಧಿ ಹೇಳುವಷ್ಟು ನಾನು ದೊಡ್ಡವಳಲ್ಲ. ನಮ್ಮ ಮನೆಯಲ್ಲಿ ಮತ್ತು ನಮ್ಮ ಶಾಲೆಯಲ್ಲಿ ಕಂಡದ್ದನ್ನು ಬರೆದಿದ್ದೇನೆ, ಅಷ್ಟೇ.

ಪ್ರತಿ ವರ್ಷ ಶಾಲಾ ಪ್ರಾರಂಭೋತ್ಸವದ ದಿನ ನಾವೇ ಮಾವಿನ ತೋರಣ ಕಟ್ಟುತ್ತೇವೆ, ರಂಗೋಲಿ ಹಾಕುತ್ತೇವೆ. ಹೊಸ ಮಕ್ಕಳಿಗೆ ಹೂ ಕೊಟ್ಟು, ಸಿಹಿ ಊಟ ಹಾಕಿ, ಪುಸ್ತಕ ಹಂಚುತ್ತಾರೆ. ಆ ಒಂದು ದಿನ ಯಾರೂ ಅಳುವುದಿಲ್ಲ. ಅಳು ಶುರುವಾಗೋದು ಎರಡನೇ ದಿನದಿಂದ. ಯಾಕಂದ್ರೆ ಮೊದಲ ದಿನ ಹಬ್ಬ, ಎರಡನೇ ದಿನ ಶಾಲೆ. ನಿನ್ನೆ ಬಂದಿದ್ದು ಒಂದು ದಿನದ ಮಾತು ಅಂತ ತಿಳಿದಿದ್ದ ಹುಡುಗನಿಗೆ, ಇದು ಇನ್ನು ದಿನಾ ಇರೋದು ಅಂತ ಗೊತ್ತಾದಾಗಲೇ ಎದೆ ಝಲ್ ಅನ್ನೋದು.

ಚಿಕ್ಕವರ ಕಣ್ಣಿನಿಂದ ಒಮ್ಮೆ ನೋಡಿ. ಅಂಗನವಾಡಿ ಅಂದ್ರೆ ಓಣಿಯ ಒಂದೇ ಕೋಣೆ. ನಮ್ಮ ದೇಶದಲ್ಲಿ ಈ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆ. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು ಎಂದು ನಮ್ಮ ಸರ್ ಹೇಳಿದ್ದಾರೆ. ಅಲ್ಲಿ ಟೀಚರು ಓಣಿಯವರೇ, ಆಟ ಆಡಬಹುದು, ನಿದ್ದೆ ಬಂದರೆ ಮಲಗಬಹುದು. ಅಲ್ಲಿಂದ ಒಂದೇ ಸಲ ದೊಡ್ಡ ಗೇಟು, ಗಂಟೆ, ಸಾಲು, ನಮ್ಮಂಥ ಉದ್ದುದ್ದ ಹುಡುಗರ ಗದ್ದಲ. ಶೌಚಾಲಯ ಎಲ್ಲಿದೆ ಗೊತ್ತಿಲ್ಲ. ಕೇಳೋಣ ಅಂದ್ರೆ ಯಾರನ್ನ ಕೇಳಬೇಕು, ಏನಂತ ಕೇಳಬೇಕು ಅದೂ ಗೊತ್ತಿಲ್ಲ. ನಮ್ಮನ್ನು ಹೀಗೆ ಗುರುತು ಪರಿಚಯ ಇಲ್ಲದ ಊರಲ್ಲಿ ಇಳಿಸಿ ಬಸ್ಸು ಹೊರಟರೆ ನಾವೂ ಅಳುತ್ತೇವೆ.

ಈಗ ನಮ್ಮ ಮನೆಯ ಮಾತು. ನನ್ನ ತಮ್ಮ 2024ರಲ್ಲಿ ಒಂದನೇ ತರಗತಿಗೆ ಸೇರಿದ. ಅಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಅವ್ವ ಕೂಲಿಗೆ ಹೋಗುತ್ತಾಳೆ, ಕಳೆ ತೆಗೆಯೋದು, ಉಳ್ಳಾಗಡ್ಡಿ ಕೀಳೋದು, ಯಾವ ಕೆಲಸ ಇದ್ದರೆ ಅದು. ತಮ್ಮ ಶಾಲೆ ಒಲ್ಲೆ ಅಂದ್ರೆ ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಲೇಬೇಕು. ಅಜ್ಜಿಗೆ ಕಣ್ಣು ಮಂಜು. ಮೇ ತಿಂಗಳಲ್ಲೇ ಅಜ್ಜಿ ಒಂದು ರಾತ್ರಿ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. “ಹುಡುಗಿ ಆರನೇತ್ತ ಮುಗಿಸ್ಯಾಳ. ಕೂಸು ಶಾಲಿಗೆ ಹೋಗಲಿಲ್ಲಂದ್ರ ಒಂದು ವರ್ಷ ಇಕೀನ ಮನ್ಯಾಗ ಇರಲಿ. ಆಮ್ಯಾಲ ನೋಡೂಣು.”

ಗೆಳತಿಯರೇ, ಆ “ಆಮ್ಯಾಲ” ಅನ್ನೋ ಮಾತು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ನಮ್ಮ ಜೊತೆ ಓದಿದ ಕೆಲವರು ಹಾಗೆ ಒಂದು ವರ್ಷ ಅಂತ ಉಳಿದವರು ತಿರುಗಿ ಬರಲೇ ಇಲ್ಲ. ಆದ್ದರಿಂದ ತಮ್ಮ ಶಾಲೆಗೆ ಹೊಂದಿಕೊಳ್ಳೋದು ಅವನೊಬ್ಬನ ವಿಷಯ ಆಗಿರಲಿಲ್ಲ. ಅವನ ಶಾಲೆಯ ಮೇಲೆ ನನ್ನ ಶಾಲೆ ನಿಂತಿತ್ತು. ಒಂದನೇ ತರಗತಿ ಮಗುವಿನ ಹಿಂದೆ ಅದರ ಅಕ್ಕನೂ ಇರುತ್ತಾಳೆ ಎಂಬುದನ್ನು ಯಾರೂ ಮರೆಯಬಾರದು.

ನಮ್ಮ ನಲಿ-ಕಲಿ ಅಕ್ಕೋರು ಈ ಕೆಲಸವನ್ನು ಶಾಲೆ ತೆರೆದ ಮೇಲೆ ಶುರು ಮಾಡಲಿಲ್ಲ. ಮಾರ್ಚ್ ತಿಂಗಳಲ್ಲೇ ಎರಡು ಸಲ ಅಂಗನವಾಡಿಗೆ ಹೋಗಿ ಮಕ್ಕಳ ಜೊತೆ ಕೂತು ಆಡಿ ಬಂದರು. ಆಮೇಲೆ ಅಂಗನವಾಡಿ ಟೀಚರು ಮಕ್ಕಳನ್ನು ಸಾಲು ಹಚ್ಚಿ ಶಾಲೆಗೆ ಕರೆತಂದರು. ತಾಯಂದಿರಿಗೂ ಬರಲು ಹೇಳಿದ್ದರು. ಆವತ್ತು ಪಾಠ ಗೀಠ ಏನೂ ಇಲ್ಲ. ಅಕ್ಕೋರು ಮಕ್ಕಳ ಕೈ ಹಿಡಿದು ನೀರಿನ ನಲ್ಲಿ ತೋರಿಸಿದರು, ಅಡುಗೆ ಕೋಣೆ ತೋರಿಸಿದರು, ಶೌಚಾಲಯದ ಬಾಗಿಲು ತೆಗೆದು ಹಾಕಿ ತೋರಿಸಿದರು. ಕೊನೆಗೆ ಎಲ್ಲರೂ ಸಾಲಾಗಿ ಕೂತು ಬಿಸಿಯೂಟ ಉಂಡು ಹೋದರು. ಅಷ್ಟೇ. ಮನೆಗೆ ಬಂದ ಮೇಲೆ ತಮ್ಮ ಮೂರು ದಿನ ಹೇಳಿದ್ದು ಒಂದೇ ಮಾತು, “ಅಡುಗಿ ಅಕ್ಕ ನನಗ ಎರಡು ಸಲ ಸಾರು ಹಾಕಿದ್ಳು.” ಕಟ್ಟಡ ಯಾರಿಗೆ ನೆನಪಿರುತ್ತೆ? ಸಾರು ಹಾಕಿದ ಕೈ ನೆನಪಿರುತ್ತೆ.

ಅದೇ ದಿನ ಅಕ್ಕೋರು ತಾಯಂದಿರನ್ನು ಬೇವಿನ ಗಿಡದ ಕೆಳಗೆ ಕೂರಿಸಿ ನಾಲ್ಕು ಮಾತು ಹೇಳಿದರು. ಅವ್ವನ ಜೊತೆ ನಾನೂ ಇದ್ದೆ.

ಮೊದಲನೆಯದು, ಶಾಲೆಯನ್ನು ಗುಮ್ಮನ ಹಾಗೆ ತೋರಿಸಬೇಡಿ ಎಂದು. ನಮ್ಮ ಊರಲ್ಲಿ ಮಕ್ಕಳು ಹಟ ಮಾಡಿದರೆ “ತಡಿ, ಮಾಸ್ತರಿಗೆ ಹೇಳ್ತೀನಿ, ಬಡೀತಾರ” ಅಂತ ಹೆದರಿಸೋದು ರೂಢಿ. ವರ್ಷಗಟ್ಟಲೆ ಹೀಗೆ ಹೆದರಿಸಿ ಆಮೇಲೆ ಅದೇ ಮಾಸ್ತರ ಹತ್ತಿರ ಹೋಗು ಅಂದ್ರೆ ಮಗು ಹೇಗೆ ಹೋದೀತು? ಮಕ್ಕಳನ್ನು ಹೊಡೆಯುವುದು, ಮನಸ್ಸು ನೋಯುವಂತೆ ಬೈಯುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ ಎಂದೂ ಅಕ್ಕೋರು ಹೇಳಿದರು. ಆ ಕಾಯ್ದೆ ಆದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ ಮಾಡುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂಬುದೂ ಅದರಲ್ಲೇ ಇದೆ.

ಎರಡನೆಯದು, ಅಕ್ಷರಕ್ಕಿಂತ ಮೊದಲು ತನ್ನ ಕೆಲಸ ತಾನು ಮಾಡಿಕೊಳ್ಳುವುದನ್ನು ಕಲಿಸಿ ಎಂದು. ಚಡ್ಡಿ ಬಿಚ್ಚಿ ಹಾಕಿಕೊಳ್ಳೋದು, ಕೈ ತೊಳೆಯೋದು, ತನ್ನ ತಟ್ಟೆ ತೊಳೆಯೋದು, ತನ್ನ ಹೆಸರು, ಅವ್ವ ಅಪ್ಪನ ಹೆಸರು ಹೇಳೋದು. ಗುಂಡಿ ಇರುವ ಚಡ್ಡಿಗಿಂತ ಇಲಾಸ್ಟಿಕ್ ಚಡ್ಡಿ ಒಳ್ಳೇದು ಅಂದಾಗ ಎಲ್ಲರೂ ನಕ್ಕರು. ಆದರೆ ಅದು ನಗುವ ಮಾತಲ್ಲ. ಗುಂಡಿ ಬಿಚ್ಚಲಾಗದೆ ಚಡ್ಡಿ ಒದ್ದೆ ಮಾಡಿಕೊಂಡು, ಮರುದಿನದಿಂದ ನಾಚಿಕೆಗೆ ಶಾಲೆ ಬಿಟ್ಟ ಮಕ್ಕಳು ಇದ್ದಾರೆ.

ಮೂರನೆಯದು, ಕಣ್ಣು ತಪ್ಪಿಸಿ ಹೋಗಬೇಡಿ ಎಂದು. ಮಗು ಆಟದಲ್ಲಿ ಮುಳುಗಿದಾಗ ಸದ್ದಿಲ್ಲದೆ ಹೋದರೆ ಸುಲಭ ಅಂತ ಅನಿಸುತ್ತೆ. ಆದರೆ ಮಗು ತಿರುಗಿ ನೋಡಿದಾಗ ಅವ್ವ ಇಲ್ಲ ಅಂದ್ರೆ, ಮರುದಿನದಿಂದ ಅದು ಆಡೋದನ್ನೇ ಬಿಟ್ಟು ಅವ್ವನ ಸೆರಗು ಹಿಡಿದು ಕೂರುತ್ತೆ. ಅಳಲಿ, ಪರವಾಗಿಲ್ಲ, ಹೇಳಿಯೇ ಹೋಗಿ. ಯಾವಾಗ ಬರ್ತೀನಿ ಅನ್ನೋದನ್ನ ಅದಕ್ಕೆ ತಿಳಿಯುವ ಹಾಗೆ ಹೇಳಿ, ಹೇಳಿದ ಹೊತ್ತಿಗೆ ಬನ್ನಿ.

ನಾಲ್ಕನೆಯದು, ಮನೆಯಲ್ಲಿ ಹೆದರಿಕೆ, ಜ್ವರ, ಜಗಳ, ಏನಾದರೂ ಇದ್ದರೆ ನನಗೆ ಹೇಳಿ, ಶಾಲೆಯಲ್ಲಿ ಆದದ್ದನ್ನು ನಾನು ನಿಮಗೆ ಹೇಳ್ತೀನಿ ಎಂದು.

ಅವ್ವ ಓದಿಲ್ಲ. ಆದರೆ ಈ ನಾಲ್ಕೂ ಮಾತನ್ನು ಗಂಟು ಕಟ್ಟಿಕೊಂಡು ಬಂದಳು. ಅಜ್ಜಿಗೆ “ಇನ್ನ ಮ್ಯಾಲ ಮಾಸ್ತರ ಹೆಸರು ಹೇಳಿ ಹೆದರಸಬ್ಯಾಡ” ಅಂತ ಹೇಳಿದ್ದಕ್ಕೆ ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದಳು. ರಾತ್ರಿ ಟಿವಿ ಮುಂದೆ ಹತ್ತು ಗಂಟೆ ತನಕ ಕೂರುತ್ತಿದ್ದ ತಮ್ಮನನ್ನು ಅವ್ವ ಎಂಟೂವರೆಗೆ ಮಲಗಿಸಲು ಶುರು ಮಾಡಿದಳು. ಮೊದಲ ವಾರ ಕೂಲಿಗೆ ಹೋದಲ್ಲಿಂದ ಸಂಜೆ ಗಂಟೆಗೆ ಸರಿಯಾಗಿ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಅದಕ್ಕಾಗಿ ಜೊತೆಯ ಹೆಂಗಸರಿಗಿಂತ ಮುಂಚೆ ಹೊಲಕ್ಕೆ ಇಳಿಯುತ್ತಿದ್ದಳು. ತಮ್ಮನಿಗೆ ಗಡಿಯಾರ ಗೊತ್ತಿಲ್ಲ. “ಊಟ ಆಗತದ, ಆಮ್ಯಾಲ ಆಟ ಆಗತದ, ಆಮ್ಯಾಲ ಗಂಟಿ ಹೊಡೀತದ, ಗೇಟ್‌ನ್ಯಾಗ ನಾ ಇರ್ತೀನಿ” ಅಂತ ದಿನಾ ಒಂದೇ ಮಾತು ಹೇಳುತ್ತಿದ್ದಳು. ಐದನೇ ದಿನ ಅವನೇ ಆ ಮಾತನ್ನು ಪಕ್ಕದ ಹುಡುಗನಿಗೆ ಹೇಳಿ ಸಮಾಧಾನ ಮಾಡುತ್ತಿದ್ದನಂತೆ.

ಶಾಲೆಯೂ ತನ್ನ ಪಾಲಿನದನ್ನು ಮಾಡಿತು. ಮೊದಲ ವಾರ ಅಕ್ಕೋರು ಕೋಣೆಯ ಬದಲು ಗೇಟಿನಲ್ಲಿ ನಿಲ್ಲುತ್ತಿದ್ದರು. ಒಂದೊಂದು ಹೊಸ ಮಗುವಿಗೆ ಮೂರನೇ ತರಗತಿಯ ಒಬ್ಬರನ್ನು ಜೋಡಿ ಮಾಡಿದ್ದರು. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೇ ಕೂರುವುದರಿಂದ ಇದು ಸುಲಭ. ತಮ್ಮ ಜೇಬಿನ ತುಂಬ ಹುಣಸೆಬೀಜ ತುಂಬಿಕೊಂಡು ಹೋಗುತ್ತಿದ್ದ. ಅಕ್ಕೋರು ಅವನ್ನು ಎಸೆಯಿಸಲಿಲ್ಲ. “ಎಷ್ಟು ತಂದೀ, ಎಣಿಸೋಣ ಬಾ” ಅಂದರು. ಹಾಗೆ ಅವನ ಮೊದಲ ಲೆಕ್ಕ ಮನೆಯ ಬೀಜದಿಂದಲೇ ಶುರುವಾಯಿತು.

ಅದೇ ವರ್ಷ ತಾಂಡಾದಿಂದ ಒಬ್ಬ ಪುಟ್ಟ ಹುಡುಗಿ ಸೇರಿದಳು. ಅವಳ ಕಷ್ಟ ಬೇರೆ. ಮನೆಯಲ್ಲಿ ಲಂಬಾಣಿ ಮಾತು, ಇಲ್ಲಿ ಎಲ್ಲ ಕನ್ನಡ. ಎರಡು ವಾರ ಅವಳು ಬಾಯಿ ಬಿಡಲಿಲ್ಲ. ಅಳಲೂ ಇಲ್ಲ. ಅಳದೆ ಸುಮ್ಮನೆ ಕೂರುವ ಮಗುವೇ ಜಾಣ ಮಗು ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಅಕ್ಕೋರು ಹಾಗೆ ತಿಳಿಯಲಿಲ್ಲ. ಅವಳ ತಾಯಿಯನ್ನು ಕರೆಸಿ ಎರಡು ದಿನ ಬಾಗಿಲ ಹತ್ತಿರ ಕೂರಿಸಿಕೊಂಡು ತಾವೇ ಪಾಠ ಹೇಳಿಸಿಕೊಂಡರು. ಆ ಮಾತಿಗೆ ಸ್ವಂತ ಲಿಪಿ ಇಲ್ಲವಾದ್ದರಿಂದ ಕನ್ನಡ ಅಕ್ಷರದಲ್ಲೇ ಬರೆದು ಗೋಡೆಗೆ ಹಚ್ಚಿದರು. ಯಾಡಿ ಅಂದ್ರೆ ಅವ್ವ, ಪಾಣಿ ಅಂದ್ರೆ ನೀರು, ಬಾಟಿ ಅಂದ್ರೆ ರೊಟ್ಟಿ. ಇಡೀ ಕೋಣೆ “ಪಾಣಿ, ಪಾಣಿ” ಅಂತ ಕೂಗಿ ಕಲಿಯಿತು. ತನ್ನ ಮಾತನ್ನು ಎಲ್ಲರೂ ತಪ್ಪು ತಪ್ಪಾಗಿ ಹೇಳೋದು ಕೇಳಿ ಆ ಹುಡುಗಿ ಮೊದಲ ಸಲ ನಕ್ಕಳು. ಆಮೇಲೆ ಎದ್ದು ನಿಂತು ಅಕ್ಕೋರನ್ನೇ ತಿದ್ದಿದಳು. ಅವಳು ಶಾಲೆಯಲ್ಲಿ ಆಡಿದ ಮೊದಲ ಮಾತು ಅದೇ. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದಂತೆ. ನಮ್ಮಲ್ಲಿ ಅದು ಒಂದು ಕಾಗದ ಗೋಡೆಗೆ ಅಂಟಿಸಿದ್ದರಿಂದ ಶುರುವಾಯಿತು.

ಎಲ್ಲ ಸುಸೂತ್ರವಾಯಿತು ಅಂತ ತಿಳಿಯಬೇಡಿ. ಜುಲೈನಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ ಆಯಿತು. ಅದು ಅಕ್ಷರದ ಗಲಾಟೆ. ಅಜ್ಜ ಹಳೇ ಕಾಲದ ನಾಲ್ಕನೇ ತರಗತಿ. ಅವರು ಮರಳಲ್ಲಿ ಬೆರಳಿಟ್ಟು ಅ ಆ ಇ ಈ ತಿದ್ದಿದವರು. ಮೊಮ್ಮಗನನ್ನು ಕೂರಿಸಿಕೊಂಡು “ಅ ಆದಮ್ಯಾಲ ಏನು?” ಅಂತ ಕೇಳಿದರೆ ಇವನು “ರ, ಗ, ಸ, ದ, ಅ” ಅಂದ. ಅಜ್ಜನಿಗೆ ಸಿಟ್ಟು ನೆತ್ತಿಗೇರಿತು. “ವರ್ಣಮಾಲೀನ ಉಲ್ಟಾ ಕಲಸ್ತಾರ. ಎರಡು ತಿಂಗಳಾತು, ಆ ಇ ಈ ಬರಂಗಿಲ್ಲ. ಕಾನ್ವೆಂಟಿಗೆ ಹಾಕ್ರಿ” ಅಂತ ಗೋವಾಕ್ಕೇ ಫೋನ್ ಮಾಡಿಸಿದರು. ಕಾನ್ವೆಂಟಿನ ಫೀಸು ಕಟ್ಟಬೇಕಾದರೆ ಯಾರ ಖರ್ಚು ಕಡಿಮೆ ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ತಮ್ಮನೂ ಗಾಬರಿಯಾದ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಯಾವುದು ಖರೆ? ಮತ್ತೆ ಬೆಳಿಗ್ಗೆ ಹೊಟ್ಟೆನೋವು ಅನ್ನಲು ಶುರು ಮಾಡಿದ.

ಅವ್ವ ಅಕ್ಕೋರಿಗೆ ಹೇಳಿದಳು. ಅಕ್ಕೋರು ಅಜ್ಜನನ್ನೇ ಪಾಲಕರ ಸಭೆಗೆ ಕರೆಸಿ, ಮುಂದಿನ ಚಾಪೆಯಲ್ಲಿ ಕೂರಿಸಿದರು. ಬೋರ್ಡಿನ ಮೇಲೆ ರ ಗ ಸ ದ ಅ ಎಂದು ಐದೇ ಅಕ್ಷರ ಬರೆದು, “ಇವಷ್ಟರಿಂದ ನೀವೇ ಶಬ್ದ ಮಾಡಿ ಅಜ್ಜಾರ” ಅಂದರು. ಅಜ್ಜ ನೋಡಿದರು. ಸರ ಅಂದರು. ಅಗಸ ಅಂದರು. ಅರಸ ಅಂದರು. ಹಿಂದಿನಿಂದ ಯಾರೋ “ಗರಗಸ” ಅಂತ ಕೂಗಿದರು. ಇನ್ನೊಬ್ಬರು “ಸರಸರ” ಅಂದರು. ಅಕ್ಕೋರು ವಿವರಿಸಿದರು: ಈ ಅಕ್ಷರಗಳು ಬರೆಯಲು ಸುಲಭ, ಮತ್ತು ಐದು ಕಲಿತ ಕೂಡಲೇ ಮಗು ಶಬ್ದ ಓದಬಹುದು. ಐವತ್ತು ಅಕ್ಷರ ಬಾಯಿಪಾಠ ಆಗುವ ತನಕ ಕಾಯಬೇಕಿಲ್ಲ. ವರ್ಣಮಾಲೆಯ ಕ್ರಮವನ್ನು ಆಮೇಲೆ ಹೇಗೂ ಕಲಿಯುತ್ತಾರೆ. ಈ ನಲಿ-ಕಲಿ ಪದ್ಧತಿ ನಮ್ಮ ರಾಜ್ಯದಲ್ಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಕಟ್ಟಿದ್ದಂತೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಅಜ್ಜ ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಆದರೆ ಮನೆಗೆ ಬಂದು ತಮ್ಮನಿಗೆ “ಗರಗಸ ಬರಿ ನೋಡೂಣು” ಅಂದರು. ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ. ಅಜ್ಜ ಅದನ್ನು ಓದಿ, ನಮ್ಮ ಮನೆಯ ಹಳೇ ಗರಗಸ ತೆಗೆದು ತೋರಿಸಿದರು. ಕಾನ್ವೆಂಟಿನ ಮಾತು ಅಲ್ಲಿಗೆ ನಿಂತಿತು. ಅಕ್ಕೋರು ತಮ್ಮ ಪಾಡಿಗೆ ತಾವು ಕಲಿಸುತ್ತ ಹೋಗಿದ್ದರೆ, ಅಥವಾ ಅಜ್ಜ ಸಭೆಗೆ ಬಾರದೆ ಮನೆಯಲ್ಲೇ ಬೈಯುತ್ತ ಕೂತಿದ್ದರೆ ನಡುವೆ ಸಿಕ್ಕಿ ಒದ್ದಾಡುವವನು ತಮ್ಮನೇ. ಎರಡು ಎತ್ತು ಎರಡು ಕಡೆ ಎಳೆದರೆ ಮುರಿಯೋದು ನೊಗ.

ನಾಗರ ಪಂಚಮಿಗೆ ಅವ್ವನ ತವರಿಗೆ ಹೋಗಿ ಬಂದ ಮೇಲೆ ಇನ್ನೊಂದು ಸಲ ಹಟ ಬಂತು. ಉಂಡಿ, ಜೋಕಾಲಿ ಬಿಟ್ಟು ಯಾರಿಗೆ ಶಾಲೆ ಬೇಕು? ಅವ್ವ ಹೆದರಿದಳು. ಅಕ್ಕೋರು ಮಾತ್ರ “ಇದು ಆಗೋದೇ, ಮತ್ತ ಮೊದಲಿನಿಂದ ಹೇಳಿದ ಹಂಗ ಮಾಡ್ರಿ” ಅಂದರು. ಜ್ವರ ಬಂದು ಎದ್ದಾಗ, ಹಬ್ಬ ಮುಗಿದಾಗ, ಮನೆಯಲ್ಲಿ ಹೊಸ ಕೂಸು ಹುಟ್ಟಿದಾಗ ಮಕ್ಕಳು ಹೀಗೆ ಹಿಂದೆ ಸರಿಯುತ್ತಾರಂತೆ. ಈ ಸಲ ನಾಲ್ಕು ದಿನದಲ್ಲೇ ಸರಿಹೋಯಿತು.

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ‘ತೊತ್ತೋ-ಚಾನ್’ ಎಂಬ ಪುಸ್ತಕ ಇದೆ. ಓದದವರು ಓದಿ. ಜಪಾನಿನ ತೆತ್ಸುಕೋ ಕುರೊಯಾನಾಗಿ ಎಂಬುವರು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, ಅಲ್ಲಿ 1981ರಲ್ಲಿ ಪ್ರಕಟವಾಯಿತು. ಒಂದನೇ ತರಗತಿಯಲ್ಲೇ ಆ ಹುಡುಗಿಯನ್ನು ತುಂಟಾಟಕ್ಕೆ ಒಂದು ಶಾಲೆಯವರು ಬಿಡಿಸಿಬಿಡುತ್ತಾರೆ. ತಾಯಿ ಅದನ್ನು ಮಗಳಿಗೆ ಹೇಳುವುದೇ ಇಲ್ಲ, ಬೇರೆ ಶಾಲೆ ನೋಡೋಣ ಬಾ ಅಂತ ಕರೆದುಕೊಂಡು ಹೋಗುತ್ತಾಳೆ. ನಿಜ ತಿಳಿದದ್ದು ಮಗಳಿಗೆ ಇಪ್ಪತ್ತು ವರ್ಷ ಆದ ಮೇಲೆ. ಹೊಸ ಶಾಲೆಯ ಮುಖ್ಯೋಪಾಧ್ಯಾಯರು ಕೊಬಾಯಾಶಿ ಅವರು ತಾಯಿಯನ್ನು ಮನೆಗೆ ಕಳಿಸಿ, ಆ ಪುಟ್ಟ ಹುಡುಗಿಯ ಎದುರು ಕೂತು, ಅವಳ ಮಾತೆಲ್ಲ ಮುಗಿಯುವ ತನಕ ನಾಲ್ಕು ಗಂಟೆ ಕೇಳುತ್ತಾರೆ. ತಾಯಿ ಮಗಳ ಮನಸ್ಸನ್ನು ಕಾಯ್ದಳು, ಗುರುಗಳು ಅವಳ ಮಾತನ್ನು ಕೇಳಿದರು. ಇಬ್ಬರೂ ಸೇರಿದ್ದಕ್ಕೆ ಆ ಹುಡುಗಿ ಉಳಿದಳು. ಮೂವತ್ತಕ್ಕಿಂತ ಹೆಚ್ಚು ಮಕ್ಕಳಿರುವ ನಮ್ಮ ಅಕ್ಕೋರಿಗೆ ನಾಲ್ಕು ಗಂಟೆ ಎಲ್ಲಿಂದ ಬರಬೇಕು, ಅದೂ ಖರೆ. ಆದರೆ ಗೇಟಿನಲ್ಲಿ ನಿಂತು ಒಬ್ಬೊಬ್ಬರನ್ನು ಹೆಸರು ಹಿಡಿದು ಮಾತಾಡಿಸೋದೂ ಆ ಜಾತಿಯ ಕೆಲಸವೇ.

ಈಗ ಸರ್ಕಾರಕ್ಕೂ ಇದು ಗೊತ್ತಾಗಿದೆ. ಒಂದನೇ ತರಗತಿಗೆ ಬಂದ ಮಕ್ಕಳಿಗೆ ಮೂರು ತಿಂಗಳು ಆಟದ ಮೂಲಕ ಶಾಲೆ ರೂಢಿ ಮಾಡಿಸುವ ‘ವಿದ್ಯಾಪ್ರವೇಶ’ ಎಂಬ ಕಾರ್ಯಕ್ರಮ 2021ರ ಜುಲೈನಲ್ಲಿ ದೇಶದಲ್ಲಿ ಶುರುವಾಯಿತು. ಎಸ್‌ಡಿಎಂಸಿ ಎಂಬ ಪಾಲಕರ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದಲೂ ಇವೆ. ಆದರೆ ಕಾರ್ಯಕ್ರಮ ಕಾಗದದ ಮೇಲೆ ಇದ್ದರೆ ಸಾಲದು. ನಮ್ಮ ಅವ್ವನಂಥವರು ಕೂಲಿ ಬಿಟ್ಟು ಸಭೆಗೆ ಬರಬೇಕಾದರೆ ಸಭೆ ಸಂಜೆ ಇರಬೇಕು, ಇಲ್ಲವೇ ಸಂತೆಯ ದಿನ ಇರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು “ಪಾಲಕರು ಬರೋದಿಲ್ಲ” ಅಂದ್ರೆ ಹೇಗೆ? ಈ ಮಾತನ್ನು ನಮ್ಮ ಮುಖ್ಯ ಗುರುಗಳಿಗೆ ವಿನಯದಿಂದ ಕೇಳಿಕೊಳ್ಳುತ್ತೇನೆ.

ಇನ್ನು ನಾವು ದೊಡ್ಡ ತರಗತಿಯವರು ಮಾಡಬಹುದಾದ ಕೆಲಸಗಳು:

1. ಹೊಸ ಮಕ್ಕಳು ಅಳುವಾಗ ಸುತ್ತ ನಿಂತು ನೋಡಬಾರದು, ನಗಬಾರದು. ನೋಡುವವರು ಹೆಚ್ಚಾದಷ್ಟೂ ಅಳು ಹೆಚ್ಚಾಗುತ್ತದೆ.

2. ನೀರಿನ ನಲ್ಲಿಯ ಹತ್ತಿರ ಮತ್ತು ಊಟದ ಸಾಲಿನಲ್ಲಿ ಅವರನ್ನು ಮುಂದೆ ಬಿಡಬೇಕು.

3. ಶೌಚಾಲಯಕ್ಕೆ ಹೋಗುವಾಗ ಬಾಗಿಲ ಹೊರಗೆ ಒಬ್ಬರು ನಿಂತು “ನಾ ಇಲ್ಲೇ ಇದ್ದೀನಿ” ಅನ್ನಬೇಕು.

4. “ನಿಮ್ಮ ಅಕ್ಕೋರು ಭಾಳ ಬೈತಾರ” ಅಂತ ಸುಳ್ಳು ಹೇಳಿ ಹೆದರಿಸಬಾರದು.

5. ಬೇರೆ ಮಾತಾಡುವ ಮಕ್ಕಳ ಮಾತನ್ನು ಅಣಕಿಸಬಾರದು. ಅವರಿಂದ ಎರಡು ಶಬ್ದ ಕಲಿಯಬೇಕು.

6. ಮನೆಯಲ್ಲಿ ಓದು ಬಾರದ ಅವ್ವ ಅಪ್ಪಂದಿರಿಗೆ ಶಾಲೆಯ ಚೀಟಿ ಓದಿ ಹೇಳಬೇಕು. ಅಕ್ಕಂದಿರು, ಅಣ್ಣಂದಿರು ಮನೆಗೂ ಶಾಲೆಗೂ ನಡುವಿನ ಅಂಚೆಯವರಿದ್ದಂತೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಗಿಡ ಬಗ್ಗಿಸುವ ಮೊದಲು ಅದು ಬೇರು ಬಿಡಬೇಕು. ಸಸಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚುವಾಗ ಬೇರಿನ ಜೊತೆ ಒಂದು ಹಿಡಿ ಹಳೇ ಮಣ್ಣೂ ಬರಬೇಕು, ಹೊಸ ಜಾಗದಲ್ಲಿ ನೀರೂ ಇರಬೇಕು. ಇದು ನಮ್ಮ ಊರಿನ ಮೆಣಸಿನ ಸಸಿ ಹಚ್ಚುವ ಹೆಂಗಸರಿಗೆಲ್ಲ ಗೊತ್ತಿರುವ ವಿದ್ಯೆ. ಹಳೇ ಮಣ್ಣು ಮನೆಯದು, ನೀರು ಶಾಲೆಯದು.

ನನ್ನ ತಮ್ಮ ಈಗ ಎರಡನೇ ತರಗತಿ. ನಾನು ಎಂಟನೇ ತರಗತಿ. ಮುಂದಿನ ವರ್ಷ ನಾನು ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು, ಅವ್ವ ಆಗಲೇ ಹೂಂ ಅಂದಿದ್ದಾಳೆ. ನಿಮ್ಮ ಮನೆಗಳಲ್ಲೂ ಮುಂದಿನ ಜೂನ್‌ಗೆ ಒಂದನೇ ತರಗತಿಗೆ ಬರುವ ಪುಟ್ಟವರು ಇರಬಹುದು. ಅವರನ್ನು ಒಂದು ಸಂಜೆ ಶಾಲೆಯ ಅಂಗಳಕ್ಕೆ ಕರೆದುಕೊಂಡು ಬನ್ನಿ, ನಲ್ಲಿ ತೋರಿಸಿ, ಗಂಟೆ ತೋರಿಸಿ. ನಮ್ಮ ಈ ಗೋಡೆ ಪತ್ರಿಕೆಯನ್ನೂ ತೋರಿಸಿ, ಓದಲು ಬಾರದಿದ್ದರೂ ಚಿತ್ರ ನೋಡುತ್ತಾರೆ.



– ಎಂಟನೇ ತರಗತಿಯ ಒಬ್ಬ ವಿದ್ಯಾರ್ಥಿನಿ